ಮರಿ ಯಾರ ಬೆನ್ನು ಹತ್ತುತ್ತದೆ?

ಹಕ್ಕಿಮರಿಗಳು ಹೇಗೆ ಕಲಿಯುತ್ತವೆ ಎಂಬ ಬಗ್ಗೆ ಬಾಗಲಕೋಟೆಯ ನವನಗರದಲ್ಲಿ ಒಂದು ರವಿವಾರ ಸಂಜೆ ನಾನು ಆಡಿದ ಮಾತುಗಳ ಬರಹ ರೂಪ ಇದು. ನಡುನಡುವೆ ಬಂದ ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ. ಅವು ಇಲ್ಲದಿದ್ದರೆ ಮಾತು ಬೇರೆ ಕಡೆಗೇ ಹೋಗುತ್ತಿತ್ತು.

ಎಲ್ಲರಿಗೂ ನಮಸ್ಕಾರ. ಮೊದಲು ನಿಮ್ಮನ್ನೇ ಒಂದು ಮಾತು ಕೇಳುತ್ತೇನೆ. ಮನೆಯಲ್ಲಿ ಜವಾರಿ ಕೋಳಿ ಸಾಕಿದವರು ಕೈ ಎತ್ತಿ. ಪರವಾಗಿಲ್ಲ, ಅರ್ಧಕ್ಕಿಂತ ಜಾಸ್ತಿ ಇದ್ದೀರಿ. ಹಾಗಾದರೆ ನನ್ನ ಕೆಲಸ ಹಗುರ. ನಾನು ಹೇಳಬೇಕಾದದ್ದರಲ್ಲಿ ಅರ್ಧ ನಿಮ್ಮ ಹಿತ್ತಲಲ್ಲೇ ನಡೆಯುತ್ತದೆ.

ಕಾವಿಗೆ ಕೂತ ಹೇಂಟೆಯನ್ನು ನೆನೆಸಿಕೊಳ್ಳಿ. 21 ದಿನದ ಕಾವು. 19-20ನೇ ದಿನದ ಹೊತ್ತಿಗೆ ತತ್ತಿಯನ್ನು ಕಿವಿಗೆ ಹಿಡಿದರೆ ಒಳಗಿನಿಂದ ಸಣ್ಣಗೆ ಚಿಂವ್ ಚಿಂವ್ ಕೇಳುತ್ತದೆ. ಮರಿ ಇನ್ನೂ ಚಿಪ್ಪು ಒಡೆದಿರುವುದಿಲ್ಲ. ತತ್ತಿಯ ಅಗಲ ತುದಿಯಲ್ಲಿ ಗಾಳಿ ತುಂಬಿದ ಜಾಗ ಇರುತ್ತದಲ್ಲ, ಅಲ್ಲಿಗೆ ಕೊಕ್ಕು ತೂರಿಸಿ ಉಸಿರಾಡಲು ಶುರು ಮಾಡಿರುತ್ತದೆ. ಹೇಂಟೆ ಗಂಟಲೊಳಗೇ ಗೊರ್ ಗೊರ್ ಎಂದು ಉತ್ತರ ಕೊಡುತ್ತದೆ. ಮುಖ ನೋಡುವ ಮೊದಲೇ ತಾಯಿ ಮಕ್ಕಳ ಮಾತುಕತೆ ನಡೆದಿರುತ್ತದೆ.

ಹೊರಗೆ ಬಂದ ಮರಿ ಮೈ ಒಣಗುವ ತನಕ ತೂಕಡಿಸುತ್ತದೆ. ಆಮೇಲೆ ಎದ್ದು ನಿಲ್ಲುತ್ತದೆ. ಅದಕ್ಕೆ ಕೂಡಲೇ ಕಾಳು ಬೇಕಾಗಿಲ್ಲ. ತತ್ತಿಯ ಹಳದಿ ಭಂಡಾರ ಅದರ ಹೊಟ್ಟೆಯೊಳಗೇ ಸೇರಿಕೊಂಡಿರುತ್ತದೆ, ಎರಡು ದಿನ ಅದರಲ್ಲೇ ನಡೆಯುತ್ತದೆ. ಅದಕ್ಕೇ ಒಂದು ದಿನದ ಮರಿಗಳನ್ನು ತೂತಿರುವ ಡಬ್ಬದಲ್ಲಿಟ್ಟು ಹೊಟ್ಟೆಗೆ ಏನೂ ಕೊಡದೆ ದೂರದ ಊರಿಗೆ ಕಳಿಸಲು ಆಗುವುದು. ಹಾಗಿದ್ದರೆ ಊಟದ ಚಿಂತೆಯಿಲ್ಲದ ಆ ಎರಡು ದಿನ ಮರಿ ಏನು ಮಾಡುತ್ತದೆ? ನನ್ನ ಅವ್ವ ಯಾರು ಎಂದು ಕಲಿಯುತ್ತದೆ. ಇವತ್ತಿನ ಮಾತೆಲ್ಲ ಆ ಒಂದು ಕೆಲಸದ ಬಗ್ಗೆಯೇ.

ಇದನ್ನು ಮೊದಲು ಪರೀಕ್ಷೆ ಮಾಡಿ ಬರೆದವನು ಡಗ್ಲಸ್ ಸ್ಪಾಲ್ಡಿಂಗ್ ಎಂಬ ಇಂಗ್ಲೆಂಡಿನವನು, 1873ರಲ್ಲಿ. ಮನೆಪಾಠ ಹೇಳಿ ಹೊಟ್ಟೆ ಹೊರೆಯುತ್ತಿದ್ದ ಮನುಷ್ಯ. ಮರಿ ತತ್ತಿಯಿಂದ ಬರುತ್ತಿದ್ದಂತೆ, ಕಣ್ಣು ಬಿಡುವ ಮೊದಲೇ, ತಲೆಗೆ ಸಣ್ಣ ಟೊಪ್ಪಿಗೆ ಹಾಕಿ ಕಣ್ಣು ಮುಚ್ಚುತ್ತಿದ್ದ. ಒಂದೆರಡು ದಿನ ಬಿಟ್ಟು ಟೊಪ್ಪಿಗೆ ತೆಗೆದರೆ ಮರಿಗಳು ಅವನ ಬೆನ್ನು ಹತ್ತುತ್ತಿದ್ದವು. ಆದರೆ ಸುಮಾರು ನಾಲ್ಕು ದಿನ ಮುಚ್ಚಿಟ್ಟ ಮರಿಗಳು ಅವನನ್ನು ಕಂಡದ್ದೇ ಹೆದರಿ ಓಡಿದವು. ಅದೇ ಮನುಷ್ಯ, ಅದೇ ಕೋಣೆ. ನಡುವೆ ದಾಟಿದ್ದು ಒಂದೆರಡು ದಿನ ಅಷ್ಟೇ.

ಎರೆ ಹೊಲದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂಗಾರಿ ಜೋಳಕ್ಕೆ ಹದ ಇರುತ್ತದೆ. ಹದಕ್ಕೆ ಮುಂಚೆ ಕೂರಿಗೆ ಇಳಿಯುವುದಿಲ್ಲ, ಹದ ಆರಿದ ಮೇಲೆ ಬೀಜ ಏಳುವುದಿಲ್ಲ. ಮರಿಯ ತಲೆಗೂ ಹಾಗೆ ಒಂದು ಹದ ಇದೆ. ಎಕ್‌ಹಾರ್ಡ್ ಹೆಸ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಅಮೆರಿಕದಲ್ಲಿ ಬಾತುಮರಿಗಳ ಮುಂದೆ ಬೊಂಬೆ ಬಾತು ಓಡಿಸಿ ಅಳೆದ. ತತ್ತಿಯಿಂದ ಬಂದ 13ರಿಂದ 16 ತಾಸಿನ ನಡುವೆ ಕಂಡದ್ದು ಎಲ್ಲಕ್ಕಿಂತ ಗಟ್ಟಿಯಾಗಿ ಕೂತಿತು. ಹೀಗೆ ಮನಸ್ಸಿನಲ್ಲಿ ಅಚ್ಚೊತ್ತುವುದನ್ನೇ ಇಂಪ್ರಿಂಟಿಂಗ್ ಅನ್ನುತ್ತಾರೆ.

ಈ ವಿಷಯ ಎತ್ತಿದರೆ ಎಲ್ಲರಿಗೂ ನೆನಪಾಗುವವರು ಆಸ್ಟ್ರಿಯಾದ ಕೊನ್ರಾಡ್ ಲೊರೆಂಜ್. ಮುಂದೆ ಗಡ್ಡದ ಮುದುಕ, ಹಿಂದೆ ಸಾಲಾಗಿ ಹೆಬ್ಬಾತಿನ ಮರಿಗಳು, ಆ ಫೋಟೋ ನೀವೂ ನೋಡಿರುತ್ತೀರಿ. ಹೆಬ್ಬಾತಿನ ಮರಿಗಳ ಈ ಗುಣವನ್ನು ಅವರಿಗಿಂತ ಮೊದಲು, 1911ರಲ್ಲೇ, ಬರ್ಲಿನ್ನಿನ ಓಸ್ಕರ್ ಹೈನ್‌ರೋತ್ ಬರೆದಿದ್ದರು. ಲೊರೆಂಜ್ 1935ರಲ್ಲಿ ಅದನ್ನು ದೊಡ್ಡದಾಗಿ ಬೆಳೆಸಿದರು, 1973ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಪಡೆದರು. ಇದೇ ಲೊರೆಂಜ್ 1938ರಲ್ಲಿ ನಾತ್ಸಿ ಪಕ್ಷ ಸೇರಿದ್ದರು. ಹೆಬ್ಬಾತಿನ ಫೋಟೋ ತೋರಿಸುವಾಗ ಇದನ್ನೂ ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಒಮ್ಮೆ ಅಚ್ಚು ಬಿದ್ದರೆ ಅಳಿಸಲು ಸಾಧ್ಯವೇ ಇಲ್ಲ ಎಂದು ಲೊರೆಂಜ್ ನಂಬಿದ್ದರು. ಅದು ಅಷ್ಟು ಬಿಗಿಯಲ್ಲ ಎಂದು ಆಮೇಲೆ ಗೊತ್ತಾಯಿತು. ಮರಿ ಏನನ್ನು ಕಂಡರೂ ಕಣ್ಣು ಮುಚ್ಚಿ ಅವ್ವ ಅನ್ನುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಕೇಂಬ್ರಿಜ್‌ನಲ್ಲಿ ಗೇಬ್ರಿಯಲ್ ಹಾರ್ನ್ ಮತ್ತು ಮಾರ್ಕ್ ಜಾನ್ಸನ್ ಕತ್ತಲಲ್ಲಿ ಬೆಳೆದ ಮರಿಗಳ ಮುಂದೆ ಒಂದು ಕೆಂಪು ಡಬ್ಬ, ಒಂದು ಹುಲ್ಲು ತುಂಬಿದ ಕೋಳಿ ಇಟ್ಟು ನೋಡಿದರು. ಮರಿಗಳು ಬರಬರುತ್ತ ಕೋಳಿಯ ಕಡೆಗೇ ವಾಲಿದವು. ಮುಖ್ಯವಾಗಿ ಬೇಕಿದ್ದದ್ದು ತಲೆ ಮತ್ತು ಕತ್ತು. ಇಟಲಿಯ ಜಾರ್ಜಿಯೋ ವಲ್ಲೋರ್ತಿಗಾರ ಮತ್ತು ಜೊತೆಗಾರರು 2005ರಲ್ಲಿ ಇನ್ನೂ ಮುಂದೆ ಹೋದರು. ಕೋಳಿಯ ಚಿತ್ರವೂ ಬೇಡ, ಪರದೆಯ ಮೇಲೆ ಬರೀ ಚುಕ್ಕೆಗಳು. ಕೋಳಿ ನಡೆದಾಗ ಅದರ ಕೀಲುಗಳು ಹೇಗೆ ಆಡುತ್ತವೋ ಹಾಗೆ ಆ ಚುಕ್ಕೆಗಳು ಆಡುತ್ತಿದ್ದವು. ಏನನ್ನೂ ನೋಡಿರದ ಮರಿ ಅಡ್ಡಾದಿಡ್ಡಿ ಓಡುವ ಚುಕ್ಕೆ ಬಿಟ್ಟು ಇವುಗಳ ಹತ್ತಿರ ಹೋಯಿತು. ಆದರೆ ಬೆಕ್ಕಿನ ನಡಿಗೆಯ ಚುಕ್ಕೆ ತೋರಿಸಿದರೂ ಹಾಗೇ ಹೋಯಿತು! ಜೀವ ಇರುವುದು ಹೇಗೆ ನಡೆಯುತ್ತದೆ ಎಂಬ ಅಂದಾಜು ಹುಟ್ಟುತ್ತಲೇ ಇದೆ. ಅದು ಕೋಳಿಯೋ ಬೆಕ್ಕೋ ಎನ್ನುವ ವಿವರ ಇಲ್ಲ. ಆ ಖಾಲಿ ಜಾಗ ತುಂಬುವುದು ಕಣ್ಣೆದುರು ಓಡಾಡುವ ಹೇಂಟೆ.

ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ತಡೆದರು.

“ಸರ್ರ, ಹೊರಗಿಂದ ತಂದ ಮರೀನ ಹಗಲೊತ್ತಿನ್ಯಾಗ ಬಿಟ್ರ ನಮ್ಮ ಹೇಂಟಿ ಕುಕ್ಕತೈತ್ರಿ. ರಾತ್ರಿ ಕತ್ತಲದಾಗ ರೆಕ್ಕಿ ಬುಡಕ ಸರಿಸಿದ್ರ ಮುಂಜಾನೆ ತನ್ನವ ಅಂತ ತಿಳ್ಕೋತೈತಿ. ಅದ್ಯಾಕ್ರಿ?”

ಅಜ್ಜಿ, ಇದನ್ನು ನಾನು ಹೇಳಬೇಕೆಂದಿದ್ದೆ, ನೀವೇ ಹೇಳಿಬಿಟ್ಟಿರಿ. ಕಲಿಕೆಯ ಹದ ಮರಿಗಷ್ಟೇ ಅಲ್ಲ, ತಾಯಿಗೂ ಇದೆ. ಕಾವಿಗೆ ಕೂತ ಹೇಂಟೆಯ ಮೈಯಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿರುತ್ತದೆ. ತತ್ತಿ ಒಡೆದ ಮೊದಲ ದಿನಗಳಲ್ಲಿ ರೆಕ್ಕೆಯ ಕೆಳಗೆ ಬೆಚ್ಚಗೆ ಅಲುಗಾಡುವುದೆಲ್ಲ ಅದಕ್ಕೆ ಮಗುವೇ. ದಿನ ಕಳೆದಂತೆ ತನ್ನ ಮರಿಗಳ ಗುರುತು ಹತ್ತುತ್ತದೆ. ಆಮೇಲೆ ಬಂದದ್ದು ಹೊರಗಿನದು, ಕುಕ್ಕುತ್ತದೆ. ಕತ್ತಲಲ್ಲಿ ಕಣ್ಣು ಕೆಲಸ ಮಾಡುವುದಿಲ್ಲ, ಮೈಯ ಕಾವು ಮಾತ್ರ ತಿಳಿಯುತ್ತದೆ. ಇಡೀ ರಾತ್ರಿ ಒಟ್ಟಿಗೆ ಕೂತರೆ ಮುಂಜಾನೆ ಹೊತ್ತಿಗೆ ಎರಡೂ ಕಡೆ ಒಪ್ಪಿಗೆ ಆಗಿರುತ್ತದೆ. ಆದರೆ ಅಜ್ಜಿ, ಒಂದೆರಡು ದಿನದ ಮರಿಗೆ ಮಾತ್ರ ಈ ಉಪಾಯ ನಡೆಯುತ್ತದೆ, ಅಲ್ವಾ? ವಾರ ದಾಟಿದ ಮರಿಯನ್ನು ಎಷ್ಟು ಸರಿಸಿದರೂ ಅದೇ ಹೇಂಟೆಯ ಹತ್ತಿರ ನಿಲ್ಲುವುದಿಲ್ಲ.

“ನಿಲ್ಲಂಗಿಲ್ರಿ, ಗ್ವಾಡಿ ಹಿಡದು ಒದರತೈತಿ,” ಅಂದರು ಅಜ್ಜಿ.

ತಾಯಿ ಗೊತ್ತಾದ ಮೇಲೆ ಉಳಿದದ್ದನ್ನು ಮರಿ ತಾಯಿಯ ಬೆನ್ನ ಹಿಂದೆ ನಡೆಯುತ್ತ ಕಲಿಯುತ್ತದೆ. ಕುಕ್ಕುವುದನ್ನು ಯಾರೂ ಕಲಿಸಬೇಕಾಗಿಲ್ಲ. ಮರಿ ಕಾಳಿಗೂ ಕುಕ್ಕುತ್ತದೆ, ಹರಳಿಗೂ ಕುಕ್ಕುತ್ತದೆ, ನಿಮ್ಮ ಕಾಲುಂಗುರಕ್ಕೂ ಕುಕ್ಕುತ್ತದೆ. ಏನಕ್ಕೆ ಕುಕ್ಕಬೇಕು ಅನ್ನುವುದು ಪಾಠ. ಹೇಂಟೆ ತಿಪ್ಪೆ ಕೆದರಿ ಹುಳ ಕಂಡರೆ ತಾನು ನುಂಗುವುದಿಲ್ಲ. ಕೊಕ್ಕಿನಲ್ಲಿ ಎತ್ತುತ್ತದೆ, ಬಿಡುತ್ತದೆ, ಮತ್ತೆ ಎತ್ತುತ್ತದೆ, ಬಾಯಲ್ಲಿ ಕೊಕ್ ಕೊಕ್ ಕೊಕ್. ಮರಿಗಳು ಬಿದ್ದೆದ್ದು ಓಡಿ ಬರುತ್ತವೆ. 1996ರಲ್ಲಿ ಇಂಗ್ಲೆಂಡಿನಲ್ಲಿ ಇದನ್ನೂ ಪರೀಕ್ಷೆ ಮಾಡಿದರು. ಒಂದು ಬಣ್ಣದ ಆಹಾರ ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂದು ಹೇಂಟೆಗೆ ಮೊದಲೇ ಕಲಿಸಿದ್ದರು. ಮರಿಗಳು ಕೆಟ್ಟ ಬಣ್ಣದ್ದನ್ನು ತಿನ್ನುವುದನ್ನು ಕಂಡಾಗ ಹೇಂಟೆ ಕೆದರುವುದನ್ನೂ ಕುಕ್ಕುವುದನ್ನೂ ಜಾಸ್ತಿ ಮಾಡಿತು. ಕೋಳಿಗೆ ಬುದ್ಧಿಯಿಲ್ಲ ಅನ್ನುವವರು ಒಂದು ತಾಸು ಹಿತ್ತಲಲ್ಲಿ ಸುಮ್ನೆ ಕೂತು ನೋಡಲಿ.

ಹದ್ದಿನ ಭಯದ ಕಥೆ ಇನ್ನೂ ಚೆನ್ನಾಗಿದೆ. ಹದ್ದಿನ ಆಕಾರ ಮರಿಗಳ ರಕ್ತದಲ್ಲೇ ಇದೆ ಎಂದು ಬಹಳ ದಿನ ನಂಬಿದ್ದರು. ಆಮೇಲೆ ಶ್ಲೈಟ್ ಎಂಬುವರು ಟರ್ಕಿ ಕೋಳಿಗಳ ಮೇಲೆ ಆಕಾರಗಳನ್ನು ಹಾಯಿಸಿ ನೋಡಿದರು. ಅವು ಹೆದರುತ್ತಿದ್ದದ್ದು ಅಪರೂಪಕ್ಕೆ ಕಂಡದ್ದಕ್ಕೆ. ದಿನವೂ ಹಾರುವುದು ಏನೇ ಆಗಿರಲಿ, ಅದರ ಭಯ ಬಿಟ್ಟುಬಿಡುತ್ತಿದ್ದವು. ಕಾಗೆ ದಿನಾ ಹಾರುತ್ತದೆ, ಗಿಡುಗ ಯಾವಾಗಲೋ ಒಮ್ಮೆ. ಅಂದರೆ ಮರಿ ಮೊದಲು ಎಲ್ಲಕ್ಕೂ ಹೆದರುತ್ತದೆ. ಆಮೇಲೆ ಕಲಿಯುವುದು ಯಾವುದಕ್ಕೆ ಹೆದರಬಾರದು ಎಂದು.

ಇಷ್ಟೊತ್ತು ಸುಮ್ಮನಿದ್ದ ಹುಡುಗನೊಬ್ಬ, ಬೀಳಗಿ ಕಡೆಯವನು, ಎದ್ದು ನಿಂತ.

“ಸರ್, ಹಂಗಾದ್ರ ಕಾಗಿ ಗೂಡಿನ್ಯಾಗ ಬೆಳದ ಕೋಗಿಲ ಮರಿ ಕಾಗಿ ಹಂಗ ಯಾಕ ಒದರಂಗಿಲ್ಲ? ಕಾಗೀನ ಯಾಕ ಮದಿವಿ ಆಗಂಗಿಲ್ಲ?”

ಎಲ್ಲರೂ ನಕ್ಕರು. ಆದರೆ ಇದು ನಗುವ ಪ್ರಶ್ನೆಯಲ್ಲ. ಈ ವಿಷಯದಲ್ಲಿ ಇದಕ್ಕಿಂತ ಗಟ್ಟಿ ಪ್ರಶ್ನೆ ಇನ್ನೊಂದಿಲ್ಲ.

ಮಳೆಗಾಲದ ಮುಂಚೆ ಬೇವಿನ ಮರದಲ್ಲಿ ಕಾಗೆ ಗೂಡು ಕಟ್ಟುತ್ತದೆ. ಹೆಣ್ಣು ಕೋಗಿಲೆ ಹೊಂಚು ಹಾಕಿ ಅಲ್ಲಿ ತತ್ತಿ ಇಡುತ್ತದೆ. ಮರಿ ಕಣ್ಣು ಬಿಟ್ಟರೆ ಕಾಣುವುದು ಕಾಗೆ, ಉಣಿಸುವುದು ಕಾಗೆ, ಗೂಡು ಬಿಟ್ಟ ಮೇಲೂ ಬಾಯಿ ತೆರೆದು ಅದು ಓಡುವುದು ಕಾಗೆಯ ಹಿಂದೆಯೇ. ಕೋಳಿಯ ಲೆಕ್ಕದಲ್ಲಿ ನೋಡಿದರೆ ಅದು ಕಾಗೆಯೇ ಆಗಬೇಕಿತ್ತು.

ಮೊದಲು ಕೂಗಿನ ವಿಷಯ. ಎಲ್ಲ ಹಕ್ಕಿಯೂ ಕೂಗನ್ನು ಕಲಿಯುವುದಿಲ್ಲ. ಹುಂಜದ ಕೂಗು ಹುಟ್ಟಿನಿಂದ ಬಂದದ್ದು. 1960ರ ದಶಕದಲ್ಲಿ ಮಾಸಕಾಜು ಕೊನಿಶಿ ಎಂಬ ವಿಜ್ಞಾನಿ ಕಿವಿ ಕೇಳಿಸದ ಕೋಳಿಗಳ ಕೂಗೂ ಸರಿಯಾಗಿಯೇ ಇರುತ್ತದೆ ಎಂದು ತೋರಿಸಿದರು. ಪಾರಿವಾಳ, ಕೋಗಿಲೆಯ ಬಳಗ ಇದೇ ಗುಂಪಿಗೆ ಸೇರಿದವು. ಕೇಳಿ ಕಲಿಯುವವು ಬೇರೆ: ಗಿಳಿಗಳು, ಗುಬ್ಬಿ ಬುಲ್‌ಬುಲ್ ಮಡಿವಾಳದಂಥ ಹಾಡುಹಕ್ಕಿಗಳ ದೊಡ್ಡ ಬಳಗ. ಅಮೆರಿಕದ ಬಿಳಿನೆತ್ತಿಯ ಗುಬ್ಬಿಯ ಮೇಲೆ ಪೀಟರ್ ಮಾರ್ಲರ್ ಮಾಡಿದ ಕೆಲಸ ಹೆಸರುವಾಸಿ. ಆ ಮರಿ ಹಾಡನ್ನು ಕೇಳಿಸಿಕೊಳ್ಳುವುದು ಹುಟ್ಟಿದ 10ರಿಂದ 50ನೇ ದಿನದೊಳಗೆ. ಬಾಯಿ ಬಿಟ್ಟು ಹಾಡುವುದು ತಿಂಗಳುಗಟ್ಟಲೆ ಆದ ಮೇಲೆ. ಒಂದೇ ಜಾತಿಯ ಹಕ್ಕಿ ಊರಿಂದ ಊರಿಗೆ ಬೇರೆ ಧಾಟಿಯಲ್ಲಿ ಹಾಡುತ್ತದೆ. ನಮ್ಮ ಬೆಳಗಾವಿ ಮಾತು, ವಿಜಯಪುರ ಮಾತಿನಲ್ಲೂ ವ್ಯತ್ಯಾಸ ಇಲ್ವಾ? ಕೋಗಿಲೆಗೆ ಈ ಶಾಲೆಯೇ ಇಲ್ಲ. ಕುಹೂ ಅನ್ನುವುದು ತತ್ತಿಯಲ್ಲೇ ಬಂದಿದೆ.

ಇನ್ನು ಮದುವೆಯ ವಿಷಯ. ನನ್ನವರು ಯಾರು ಅನ್ನುವುದನ್ನು ಇಂಥ ಹಕ್ಕಿ ಹೇಗೆ ತಿಳಿಯುತ್ತದೆ? ಇದರ ಒಳ್ಳೆಯ ಕೆಲಸ ನಡೆದಿರುವುದು ಕೌಬರ್ಡ್ ಎಂಬ ಅಮೆರಿಕದ ಹಕ್ಕಿಯ ಮೇಲೆ. ಅದೂ ಬೇರೆಯವರ ಗೂಡಿನಲ್ಲಿ ಬೆಳೆಯುತ್ತದೆ. ಅದರ ಜಾತಿಯ ದೊಡ್ಡ ಹಕ್ಕಿಗಳು ಮಾಡುವ ಒಂದು ಚಟಪಟ ಸದ್ದಿಗೆ ಮರಿ ಹುಟ್ಟಿನಿಂದಲೇ ಕಿವಿ ನಿಮಿರಿಸುತ್ತದೆ ಎಂದು 2001ರಲ್ಲಿ ಬರೆದರು. ಆ ಸದ್ದು ಎಲ್ಲಿಂದ ಬಂತೋ ಅಲ್ಲಿಗೆ ಹೋಗುತ್ತದೆ. ಅಲ್ಲಿ ಕಂಡವರನ್ನು ನೋಡಿ ಉಳಿದದ್ದನ್ನು ಕಲಿಯುತ್ತದೆ. ಅಂದರೆ ಕಲಿಕೆ ಇಲ್ಲ ಅಂತಲ್ಲ. ಸಾಕಿದವರಿಂದ ಅದನ್ನು ಕಲಿಯದೆ, ಸರಿಯಾದ ಗುರು ಸಿಗುವ ತನಕ ಕಾಯುತ್ತದೆ.

ಹಾಗಂತ ಬೇರೆಯವರ ಗೂಡಲ್ಲಿ ಬೆಳೆದ ಹಕ್ಕಿಗಳೆಲ್ಲ ಹೀಗೇ ಎಂದುಕೊಳ್ಳಬೇಡಿ. ಆಫ್ರಿಕಾದ ಇಂಡಿಗೋಬರ್ಡ್ ಎಂಬ ಸಣ್ಣ ಹಕ್ಕಿ ಪೂರ್ತಿ ಉಲ್ಟಾ. ಗಂಡುಮರಿ ಸಾಕುತಂದೆಯ ಹಾಡನ್ನೇ ಕಲಿಯುತ್ತದೆ. ಆ ಸಾಕುತಂದೆಯ ಜಾತಿಯವರ ಗೂಡಿನಲ್ಲಿ ಬೆಳೆದ ಹೆಣ್ಣು ಇಂಡಿಗೋಬರ್ಡ್ ಆ ಹಾಡಿಗೇ ಮನಸೋಲುತ್ತದೆ. ತತ್ತಿಯನ್ನೂ ಅದೇ ಜಾತಿಯ ಗೂಡಿನಲ್ಲಿಡುತ್ತದೆ. ಸಾಕಿದವರ ಮನೆ ಹಾಡೇ ಅಲ್ಲಿ ಜಾತಿಯ ಗುರುತು.

ಮೋಸ ಹೋಗುವ ಕಡೆಯವರೂ ಸುಮ್ಮನಿಲ್ಲ. ಆಸ್ಟ್ರೇಲಿಯಾದ ಫೇರಿ ರೆನ್ ಎಂಬ ಪುಟ್ಟ ಹಕ್ಕಿಯ ತಾಯಿ ಕಾವಿಗೆ ಕೂತಾಗ ತತ್ತಿಗೆ ಒಂದು ರಾಗ ಹಾಡುತ್ತದೆ. ಒಳಗಿನ ಮರಿ ಅದನ್ನು ಕಲಿತು, ಹೊರಗೆ ಬಂದ ಮೇಲೆ ಅನ್ನ ಕೇಳುವ ಕೂಗಿನಲ್ಲಿ ಸೇರಿಸುತ್ತದೆ. ಇದು 2012ರಲ್ಲಿ ಪ್ರಕಟವಾದ ಸಂಶೋಧನೆ. ಕೋಗಿಲೆ ಬಳಗದ ಮರಿಗೆ ಆ ರಾಗ ಬರುವುದಿಲ್ಲ, ಸಿಕ್ಕಿಬೀಳುತ್ತದೆ. ನಮ್ಮ ಕಾಗೆ ಇಷ್ಟು ಶಾಣ್ಯಾ ಆಗಿದ್ದರೆ ಕೋಗಿಲೆಗೆ ಕಷ್ಟ ಇತ್ತು.

ಬಾವಿಯ ಮೇಲೆ ಬಾಗಿದ ಜಾಲಿಗೆ ನೇತಾಡುವ ಗೀಜಗನ ಗೂಡನ್ನು ಎಲ್ಲರೂ ಹುಟ್ಟುಗುಣ ಅನ್ನುತ್ತಾರೆ. ಅದರ ಆಫ್ರಿಕಾದ ನೆಂಟನ ಮರಿಗಳಿಗೆ ಕೊಲಿಯಾಸ್ ದಂಪತಿ ಒಂದು ವರ್ಷ ಹುಲ್ಲೆಳೆ ಮುಟ್ಟಗೊಡಲಿಲ್ಲ. ಆಮೇಲೆ ಹುಲ್ಲು ಕೊಟ್ಟರೆ ಮೊದಲ ವಾರ ಅವುಗಳಿಗೆ ಒಂದು ಎಳೆಯನ್ನೂ ಹೆಣೆಯಲು ಬರಲಿಲ್ಲ. ಆಸೆ ಹುಟ್ಟಿನಿಂದ, ಕೈಗುಣ ರೂಢಿಯಿಂದ.

ಚಳಿಗಾಲದಲ್ಲಿ ಆಲಮಟ್ಟಿ ಹಿನ್ನೀರಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಿಮಾಲಯ ದಾಟಿ ಬರುವ ಹಕ್ಕಿ. ಮೊದಲ ವರ್ಷದ ಮರಿ ಅಪ್ಪ ಅವ್ವನ ಜೊತೆಗೇ ಹಾರಿ ದಾರಿ ಕಲಿಯುತ್ತದೆ. ಅಷ್ಟು ಎತ್ತರದಲ್ಲಿ ಉಸಿರು ಹೇಗೆ ಸಾಲುತ್ತದೆ ಎಂದು ಅಳೆಯಬೇಕಿತ್ತು. ಕಾಡಿನ ಹಕ್ಕಿಗೆ ಮುಖವಾಡ ಕಟ್ಟಿ ಯಂತ್ರದ ಗಾಳಿಯಲ್ಲಿ ಹಾರು ಎಂದರೆ ಹಾರುತ್ತದೆಯೇ? ಜೆಸಿಕಾ ಮೀರ್ ಎಂಬ ವಿಜ್ಞಾನಿ ಮರಿಗಳು ತತ್ತಿಯಿಂದ ಬರುವಾಗ ಎದುರಿಗೇ ಕೂತು ತಾನೇ ತಾಯಿಯಾದರು. ಅವರು ಗಾಡಿ ಓಡಿಸಿದರೆ ಹೆಬ್ಬಾತುಗಳು ಪಕ್ಕದಲ್ಲೇ ಹಾರುತ್ತಿದ್ದವು. ಆಮೇಲೆ ಮುಖವಾಡವನ್ನೂ ಒಪ್ಪಿಕೊಂಡವು. ಆಮ್ಲಜನಕ ಕಮ್ಮಿಯಾದಾಗ ಅವು ಮೈಯ ಖರ್ಚನ್ನೇ ಇಳಿಸಿ ಹಾರುತ್ತವೆ ಎಂದು ಗೊತ್ತಾಯಿತು. 2019ರ ಸೆಪ್ಟೆಂಬರಿನಲ್ಲಿ ಅದು ಪ್ರಕಟವಾಯಿತು. ಅದೇ ತಿಂಗಳು ಹೆಬ್ಬಾತುಗಳ ಈ ಅವ್ವ ಬಾಹ್ಯಾಕಾಶ ನಿಲ್ದಾಣಕ್ಕೆ ಹಾರಿದರು!

ತಪ್ಪು ತಾಯಿ ಸಿಕ್ಕಿದಾಗ ಏನಾಗುತ್ತದೆ ಎನ್ನುವುದಕ್ಕೂ ಬರೋಣ. ವಿಯೆನ್ನಾದ ಶೋನ್‌ಬ್ರುನ್ ಮೃಗಾಲಯದ ನವಿಲಿನ ಕಥೆಯನ್ನು ಲೊರೆಂಜ್ ಹೇಳುತ್ತಿದ್ದರು. ಚಳಿಗೆ ಉಳಿದ ಮರಿಗಳೆಲ್ಲ ಸತ್ತು ಒಂದೇ ಉಳಿದಿತ್ತು. ಬೆಚ್ಚಗಿನ ಕೋಣೆ ಎಂದು ಅದನ್ನು ದೈತ್ಯ ಆಮೆಗಳ ಜೊತೆ ಬೆಳೆಸಿದರು. ದೊಡ್ಡದಾದ ಮೇಲೆ ಆ ಗಂಡುನವಿಲು ಚಂದದ ಹೆಣ್ಣುನವಿಲುಗಳ ಕಡೆ ತಿರುಗಿಯೂ ನೋಡಲಿಲ್ಲ, ಆಮೆಗಳ ಮುಂದೆ ಮಾತ್ರ ಗರಿ ಬಿಚ್ಚುತ್ತಿತ್ತು. ಅಮೆರಿಕದಲ್ಲಿ ಟೆಕ್ಸ್ ಎಂಬ ಹೆಣ್ಣು ವೂಪಿಂಗ್ ಕ್ರೇನ್ ಇತ್ತು. ಮನುಷ್ಯರ ಕೈಯಲ್ಲಿ ಬೆಳೆದ ಕ್ರೌಂಚ. ಗಂಡು ಕ್ರೌಂಚ ಅದಕ್ಕೆ ಬೇಡವಾಗಿತ್ತು. ಜಾರ್ಜ್ ಆರ್ಚಿಬಾಲ್ಡ್ ಎಂಬ ವಿಜ್ಞಾನಿ 1976ರಿಂದ ಅದರ ಎದುರು ರೆಕ್ಕೆ ಬಡಿದಂತೆ ಕೈ ಬಡಿದು ಕುಣಿದರು. ಕೃತಕ ಗರ್ಭಧಾರಣೆ ಮಾಡಿ ಕೊನೆಗೆ 1982ರಲ್ಲಿ ಒಂದು ಮರಿ ಬಂತು.

ಅದರಿಂದ ಪಾಠ ಕಲಿತು, ಮುಂದೆ ಕ್ರೌಂಚದ ಮರಿ ಸಾಕುವವರು ಬಿಳಿ ನಿಲುವಂಗಿಯಲ್ಲಿ ಮೈ ಮುಚ್ಚಿಕೊಂಡು, ಕೈಗೆ ಕ್ರೌಂಚದ ತಲೆಯ ಗೊಂಬೆ ತೊಟ್ಟು ಉಣಿಸಿದರು. ಹತ್ತಿರ ಒಬ್ಬರೂ ಮಾತಾಡುವಂತಿರಲಿಲ್ಲ. 2001ರಿಂದ ಸಣ್ಣ ವಿಮಾನದ ಬೆನ್ನು ಹತ್ತಿಸಿ ವಿಸ್ಕಾನ್ಸಿನ್‌ನಿಂದ ಫ್ಲಾರಿಡಾಕ್ಕೆ ದಾರಿಯನ್ನೂ ಕಲಿಸಿದರು. ದಾರಿ ಕಲಿತವು. ಮನುಷ್ಯರ ಮೋಹವೂ ಹತ್ತಲಿಲ್ಲ. ಆದರೆ ಆ ಹಕ್ಕಿಗಳು ಮರಿ ಮಾಡಿ ಬೆಳೆಸುವುದರಲ್ಲಿ ಸೋತವು. ತಾಯಿಯ ಹತ್ತಿರ ಕಲಿಯಬೇಕಾದ ಏನೋ ತಪ್ಪಿಹೋಗಿದೆ ಎಂಬ ಅನುಮಾನದಿಂದ 2016ರಲ್ಲಿ ವಿಮಾನದ ಕೆಲಸ ನಿಲ್ಲಿಸಿದರು. ಇಷ್ಟು ಶ್ರಮದ ಕೆಲಸವನ್ನೂ ಅನುಮಾನ ಬಂದಾಗ ನಿಲ್ಲಿಸಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ನಮ್ಮಲ್ಲೂ ಇದೇ ಇಕ್ಕಟ್ಟು ಇದೆ. ಎರೆ ಭೂಮಿಯ ಹಕ್ಕಿ ಎರೆಭೂತ, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್, ಈಗ ಕರ್ನಾಟಕದಲ್ಲಿ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿದೆ. ರಾಜಸ್ಥಾನದ ಜೈಸಲ್ಮೇರಿನಲ್ಲಿ ಈ ಹಕ್ಕಿಯ ಸಂತಾನ ಬೆಳೆಸುವ ಕೇಂದ್ರದಲ್ಲಿ ತತ್ತಿ ತಂದು ಕೈಯಲ್ಲಿ ಸಾಕುತ್ತಾರೆ. ಮನುಷ್ಯರಿಗೆ ಒಗ್ಗಿದ ಗಂಡು ಇದ್ದರಿಂದಲೇ 2024ರ ಅಕ್ಟೋಬರಿನಲ್ಲಿ ಕೃತಕ ಗರ್ಭಧಾರಣೆಯ ಮೊದಲ ಮರಿ ಬಂತು. ಆದರೆ ಮನುಷ್ಯರಿಗೆ ಒಗ್ಗಿದ ಹಕ್ಕಿಯನ್ನು ಬಯಲಿಗೆ ಬಿಡುವುದು ಹೇಗೆ?

ಇದು ನಮ್ಮ ಕೈಗೂ ಬರುವ ವಿಷಯ. ಟಿಟ್ಟಿಭದ ಮರಿ ಹೊಲದಲ್ಲಿ ಅಲುಗದೆ ಬಿದ್ದಿದ್ದರೆ ಅದು ಅನಾಥವಲ್ಲ. ಮೇಲೆ ಅಪ್ಪ ಅವ್ವ ಒದರುತ್ತಿರುತ್ತಾರಲ್ಲ, ಅಲುಗಬೇಡ ಅನ್ನುವ ಕೂಗು ಅದು. ಎತ್ತಿಕೊಂಡು ಹೋಗದೆ ನೀವೇ ದೂರ ಹೋಗಿ. ಬುಲ್‌ಬುಲ್ ಮರಿ ರೆಕ್ಕೆ ಬಂದು ಕುಪ್ಪಳಿಸುತ್ತಿದ್ದರೆ ಹತ್ತಿರದ ಪೊದೆಯ ಮೇಲೆ ಕೂರಿಸಿ. ಗರಿಯಿಲ್ಲದ್ದಾದರೆ ಗೂಡಿಗೇ ಇಡಿ. ಮನುಷ್ಯರು ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಅನ್ನುವುದು ಸುಳ್ಳು.

ಕೊನೆಗೆ ಮುಧೋಳ ಕಡೆಯ ರೈತರೊಬ್ಬರು ಕೇಳಿದರು: “ಎಡಿ ಹೊಡಿಯೋವಾಗ ನವಿಲ ತತ್ತಿ ಸಿಕ್ಕಾವ್ರಿ. ಹೇಂಟಿ ಬುಡಕ ಇಟ್ರ ಮರಿ ಆಗತಾವಲ್ರಿ?”

ಆಗುತ್ತವೆ ಅಣ್ಣಾ. ಹೇಂಟೆಯ ಬೆನ್ನನ್ನೂ ಹತ್ತುತ್ತವೆ. ಆದರೆ ಬುಟ್ಟಿಯ ಕೆಳಗೆ ಮಲಗುವ ಹೇಂಟೆ ಎತ್ತರದ ಮರ ಹತ್ತಿಸಿ ಮಲಗಿಸುವುದಿಲ್ಲ. ನಿಮ್ಮ ನಾಯಿ, ನಿಮ್ಮ ಮೊಮ್ಮಕ್ಕಳು, ಎಲ್ಲರೂ ತಮ್ಮವರೇ ಎಂದು ಮರಿ ತಿಳಿಯುತ್ತದೆ. ಅದೂ ಅಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನವಿಲು ಮೊದಲ ಪಟ್ಟಿಯ ಪ್ರಾಣಿ, ತತ್ತಿ ಮನೆಗೆ ತಂದರೂ ಅಪರಾಧವೇ. ಎಲ್ಲಿತ್ತೋ ಅಲ್ಲೇ ಬಿಡಿ. ಅದರ ಕಾವು 28 ದಿನ. ಆ ಎರಡು ಸಾಲು ಎಡೆ ಹೊಡೆಯದೆ ಸುತ್ತ ನಾಲ್ಕು ಗೂಟ ನೆಟ್ಟರೆ ಸಾಕು.

“ಕಸ ಬೆಳೀತೈತ್ರಿ,” ಅಂದರು.

ಬೆಳೆಯಲಿ ಬಿಡಿ, ನವಿಲಿಗೆ ಮರೆ ಬೇಕು.